ಹೂಮಳೆಗೆ ಹಾರದ ಹೆಲಿಕಾಪ್ಟರ್

ಕುರ್ತಕೋಟಿಯ ಹೊಲದಲ್ಲಿ ಹೆಲಿಕಾಪ್ಟರ್ ಹುಗಿದುಕೊಂಡ ಬೆಳಿಗ್ಗೆ ನಾನು ಎರೆಮಣ್ಣಿನ ಕೆಸರಿನಲ್ಲಿ ಮೊಣಕಾಲುದ್ದ ನಿಂತು ಅದರ ಎಡಗಾಲನ್ನು ಹುಡುಕುತ್ತಿದ್ದೆ. ಆ ಯಂತ್ರಕ್ಕೆ ಗಾಲಿಗಳಿರಲಿಲ್ಲ. ಹೊಟ್ಟೆಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಲೋಹದ ಕೊಳವೆ ಇದ್ದವು. ಅವುಗಳ ಮೇಲೆಯೇ ಅದು ಕೂರುತ್ತಿತ್ತು. ಬಲಗಡೆಯ ಕೊಳವೆ ಅರ್ಧ ಕಾಣುತ್ತಿತ್ತು. ಎಡಗಡೆಯದು ಪೂರ್ತಿ ಮುಳುಗಿತ್ತು. ಹಿಂದಿನ ಸಂಜೆ ಚಿತ್ತಿ ಮಳೆ ಒಮ್ಮೆಗೇ ಹಿಡಿದುಕೊಂಡು ಮುಂದಿನ ದಾರಿ ಕಾಣದೆ ಹೋದಾಗ ಪೈಲಟ್ಟರು ಗದಗಿನವರೆಗೆ ಬರುವ ಆಸೆ ಬಿಟ್ಟು ಅಲ್ಲೇ ಹತ್ತಿ ಹೊಲದ ಬದುವಿನ ಪಕ್ಕ ಇಳಿಸಿದ್ದರು. ಮಳೆ ಬೆಳತನಕ ಬಿಟ್ಟಿರಲಿಲ್ಲ.

ನಮ್ಮ ರಾಜ್ಯ ಒಂದಾಗುವ ವರ್ಷ ಅದು. ಗದಗ ಸೀಮೆಯ ಹತ್ತಿಗೆ ಹುಳ ಬಿದ್ದಿತ್ತು. ಕೃಷಿ ಖಾತೆಯವರು ನಾನು ಕೆಲಸ ಮಾಡುತ್ತಿದ್ದ ಕಂಪನಿಯಿಂದ ಈ ಹೆಲಿಕಾಪ್ಟರನ್ನು ಒಂದು ಹಂಗಾಮಿಗೆ ಬಾಡಿಗೆಗೆ ತರಿಸಿದ್ದರು. ಎರಡೂ ಮಗ್ಗುಲಿಗೆ ಔಷಧದ ಪುಡಿ ತುಂಬುವ ಡಬ್ಬಿಗಳು. ಬೆಳಗಿನ ಜಾವ ಎಲೆಯ ಮೇಲೆ ಇಬ್ಬನಿ ಇರುವಾಗ, ಗಾಳಿ ಏಳುವ ಮೊದಲು, ಬೆಳೆಯ ತಲೆ ಸವರುವಷ್ಟು ಕೆಳಗೆ ಹಾರಿ ಪುಡಿ ಉದುರಿಸಬೇಕು. ಹಾರಿಸುವವರು ಮೈಸೂರು ಕಡೆಯ ಪೈಲಟ್ಟರು, ಮೊದಲು ಸೇನೆಯಲ್ಲಿದ್ದವರು. ಯಂತ್ರವನ್ನು ನೋಡಿಕೊಳ್ಳುವವನು ನಾನೊಬ್ಬನೇ. ದಿನಾ ಬೆಳಿಗ್ಗೆ ಅದನ್ನು ಪರೀಕ್ಷಿಸಿ, ಹಾರಲು ಯೋಗ್ಯ ಎಂದು ರುಜು ಹಾಕುವುದು ನನ್ನ ಜವಾಬ್ದಾರಿ. ನನ್ನ ರುಜು ಇಲ್ಲದೆ ಅದು ನೆಲ ಬಿಡುವಂತಿರಲಿಲ್ಲ.

ಆ ಹೊತ್ತಿಗಾಗಲೇ ನಾನು ದಣಿದಿದ್ದೆ. ಎರೆಯ ಧೂಳು, ಔಷಧದ ಪುಡಿ ಎರಡೂ ಸೇರಿ ಎಂಜಿನ್ನಿಗೆ ಗಾಳಿ ಸೋಸುವ ಜಾಳಿಗೆಯನ್ನು ದಿನಕ್ಕೆರಡು ಸಲ ಮುಚ್ಚಿಬಿಡುತ್ತಿದ್ದವು. ರೈಲಿನಲ್ಲಿ ಬರುವ ಪೆಟ್ರೋಲಿನ ಪೀಪಾಯಿಗಳಲ್ಲಿ ನೀರು ಸೇರಿರುತ್ತಿತ್ತು. ಒಂದೊಂದು ಕೊಡವನ್ನೂ ಮೆತ್ತನೆಯ ತೊಗಲಿನಲ್ಲಿ ಸೋಸಿಯೇ ಟಾಕಿಗೆ ಹಾಕಬೇಕಾಗಿತ್ತು. ಉಗುರಿನ ಸಂದಿಯಲ್ಲಿ, ಊಟದಲ್ಲಿ, ಹಾಸಿಗೆಯಲ್ಲಿ ಆ ಪುಡಿಯ ವಾಸನೆ ಇತ್ತು.

"ಎಂಜಿನ್ ಹಾಕ್ತೀನಿ ಕಣ್ರೀ. ಮೆತ್ತಗೆ ಎತ್ತಿ ನೋಡೋಣ," ಎಂದರು ಪೈಲಟ್ಟರು.

"ಬ್ಯಾಡ್ರಿ ಸಾಹೇಬ್ರ. ಬಲಗಾಲು ಮೊದಲ ಬಿಡತೈತಿ, ಎಡಗಾಲು ಬಿಡಂಗಿಲ್ಲ. ಮಗ್ಗಲಾಗಿ ಬೀಳತೈತಿ."

ಅವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಒಂದು ಕಾಲು ಹಿಡಿದುಕೊಂಡು ಇನ್ನೊಂದು ಮೇಲೆದ್ದರೆ ಯಂತ್ರ ಹಿಡಿದ ಕಾಲಿನ ಮೇಲೆಯೇ ತಿರುಗಿ ಮಗುಚುತ್ತದೆ, ಮೇಲಿನ ರೆಕ್ಕೆಗಳು ನೆಲಕ್ಕೆ ಬಡಿಯುತ್ತವೆ. ಆದರೆ ಅವರೂ ದಣಿದಿದ್ದರು. ಒದ್ದೆ ಬಟ್ಟೆಯಲ್ಲೇ ಹೊಲದ ಗುಡಿಸಲಿನಲ್ಲಿ ಕುಳಿತು ಬೆಳಗು ಮಾಡಿದ್ದರು.

ಹೊಲದೊಡತಿ ಬಂದಳು. ನಡುವಯಸ್ಸಿನ ಹೆಂಗಸು, ಸೀರೆ ಮೇಲೆ ಕಟ್ಟಿ ಕೈಯಲ್ಲಿ ಸಲಿಕೆ ಹಿಡಿದಿದ್ದಳು. ಯಂತ್ರದ ಸುತ್ತ ಒಂದು ಸುತ್ತು ಹಾಕಿ ನನ್ನ ಮುಂದೆ ನಿಂತಳು.

"ಇದು ಮ್ಯಾಲ ಹಾರೂದಂತ ಕೇಳಿದ್ದೆ. ನೋಡಿದ್ರ ನಮ್ಮ ಹೊಲದಾಗ ನಾಟಿ ಮಾಡಿದಂಗ ಐತಲ್ಲೋ ತಮ್ಮಾ."

"ಕೀಳಾಕ ಮಂದಿ ಬೇಕಬೇ. ಹಲಗಿ ಇದ್ರ ಕೊಡ್ರಿ."

ಹಲಗೆ ಇರಲಿಲ್ಲ. ಎತ್ತುಗಳಿಗೆಂದು ಒಟ್ಟಿದ್ದ ಜೋಳದ ಒಣದಂಟಿನ ಕಟ್ಟುಗಳನ್ನು, ಕಣಿಕೆಯ ಸಿವುಡುಗಳನ್ನು, ಅವಳು ತನ್ನ ಬಣವೆಯಿಂದಲೇ ಇಳಿಸಿಕೊಟ್ಟಳು. ಊರಿನ ಗಂಡಸರು ಹಾರೆ ತಂದರು. ಎಡಗಾಲಿನ ಉದ್ದಕ್ಕೂ ತೋಡಿ, ಕೆಸರು ಬಾಚಿ ಹಾಕಿ, ಹಾರೆಯಿಂದ ಒಂದು ಬೆರಳು ಎತ್ತರಿಸಿದಾಗಲೆಲ್ಲ ಕೆಳಗೆ ಕಣಿಕೆ ತುರುಕುತ್ತ ಹೋದೆವು. ಎರೆಮಣ್ಣು ಕೊಟ್ಟಷ್ಟನ್ನೂ ನುಂಗಿತು. ಮಧ್ಯಾಹ್ನ ದಾಟಿದ ಮೇಲೆ ಎರಡೂ ಕೊಳವೆಗಳು ಕಣಿಕೆಯ ಹಾಸಿನ ಮೇಲೆ ಸಮಕ್ಕೆ ಬಂದವು. ಮಂದಿಯನ್ನೆಲ್ಲ ದೂರ ಕಳಿಸಿ, ಎರಡು ಕಾಲೂ ಬಿಟ್ಟಿವೆ ಎಂದು ಕೈಯಾಡಿಸಿ ನೋಡಿ, ಪೈಲಟ್ಟರಿಗೆ ಕೈ ಎತ್ತಿದೆ. ಯಂತ್ರ ಒಮ್ಮೆ ನಡುಗಿ ನೆಟ್ಟಗೆ ಮೇಲೆದ್ದಿತು. ಕಣಿಕೆಯೆಲ್ಲ ಹೊಲದ ತುಂಬ ಹಾರಿತು. ಹೊಲದೊಡತಿ ಅದನ್ನು ಆರಿಸುತ್ತ ಹೋದಳು.

ಬೆಳಿಗ್ಗೆ ನನ್ನನ್ನು ತಂದಿದ್ದ ಲಾರಿಯಲ್ಲೇ ನಾನು ಗದಗ ಮುಟ್ಟಿದಾಗ ಸಂಜೆಯಾಗಿತ್ತು. ಬೆಟಗೇರಿಯ ಅಂಚಿನಲ್ಲಿ, ಹತ್ತಿ ಅರೆಯುವ ಗಿರಣಿಯೊಂದರ ಹಳೆಯ ಗೋದಾಮು ನಮ್ಮ ನೆಲೆ. ಅದರ ಮುಂದಿನ ಬಯಲಿನಲ್ಲಿ ಯಂತ್ರ ನಿಂತಿತ್ತು. ಪೈಲಟ್ಟರು ಒಳಗೇ ಕುಳಿತಿದ್ದರು.

"ಕೈಯಲ್ಲಿ ಕೋಲು ಸುತ್ತುತ್ತಿದೆ. ಮೊದಲು ಹೀಗಿರಲಿಲ್ಲ," ಎಂದರು. ಕೋಲು ಎಂದರೆ ಅವರ ಮುಂದಿರುವ, ಯಂತ್ರವನ್ನು ಅತ್ತಿತ್ತ ಓಲಿಸುವ ಹಿಡಿಕೆ. ಅದು ತಾನಾಗಿಯೇ ಸುತ್ತಹತ್ತಿದರೆ ಮೇಲಿನ ರೆಕ್ಕೆಗಳಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆ ಎಂದರ್ಥ.

ನಮ್ಮ ಯಂತ್ರಕ್ಕೆ ಎರಡೇ ರೆಕ್ಕೆ. ಊರವರು ಪಂಖಾ ಎನ್ನುತ್ತಿದ್ದರು. ಎರಡೂ ಮರದವು. ತೆಳ್ಳನೆಯ ಪಟ್ಟಿಗಳನ್ನು ಅಂಟಿನಿಂದ ಕೂಡಿಸಿ, ಮೂಗಿನ ಕಡೆ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ ಹುದುಗಿಸಿ, ಮೇಲೆ ಬಟ್ಟೆ ಹೊದಿಸಿ ಅರಗು ಬಳಿದವು. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಆರುತ್ತದೆ. ರೆಕ್ಕೆಗಳನ್ನು ಒಣಗಿದ ಕೋಣೆಯಲ್ಲಿಡಬೇಕೆಂದು ತಯಾರಕರು ತಮ್ಮ ಪುಸ್ತಕದಲ್ಲಿ ಬರೆದಿದ್ದರು. ಅವರು ತಮ್ಮ ದೇಶದ ಕೋಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಮ್ಮ ಗೋದಾಮಿನ ತಗಡು ನಾಲ್ಕು ಕಡೆ ಸೋರುತ್ತಿತ್ತು.

ಎರಡು ರೆಕ್ಕೆಗಳೂ ತಿರುಗುವಾಗ ಒಂದೇ ಎತ್ತರದಲ್ಲಿ ಹಾಯಬೇಕು. ಅದನ್ನು ಪರೀಕ್ಷಿಸುವ ರೀತಿ ಬಹಳ ಸರಳ, ಆದರೆ ಎದೆ ಗಟ್ಟಿ ಬೇಕು. ಒಂದು ರೆಕ್ಕೆಯ ತುದಿಗೆ ಕೆಂಪು ಬಣ್ಣ, ಇನ್ನೊಂದರ ತುದಿಗೆ ನೀಲಿ ಬಣ್ಣ ಬಳಿಯುತ್ತೇವೆ. ಉದ್ದನೆಯ ಕೋಲಿಗೆ ಬಿಳಿ ಬಟ್ಟೆ ಬಿಗಿದು, ರೆಕ್ಕೆಗಳು ತಿರುಗುತ್ತಿರುವಾಗ ಅದನ್ನು ಮೆಲ್ಲಗೆ ತುದಿಗೆ ತಾಗಿಸುತ್ತೇವೆ. ಬಟ್ಟೆಯ ಮೇಲೆ ಎರಡು ಬಣ್ಣ ಒಂದರ ಮೇಲೊಂದು ಬಿದ್ದರೆ ಸರಿ. ಬೇರೆ ಬೇರೆ ಬಿದ್ದರೆ ಒಂದು ರೆಕ್ಕೆ ಮೇಲೆ ಹಾಯುತ್ತಿದೆ, ಅದನ್ನು ತಿದ್ದಬೇಕು. ಕೋಲು ಒಂದು ಗೇಣು ಹೆಚ್ಚು ಒಳಗೆ ಹೋದರೆ ಮುಗಿದೇ ಹೋಯಿತು. ನಾನೇ ಕೋಲು ಹಿಡಿಯುತ್ತಿದ್ದೆ. ಬಟ್ಟೆಯನ್ನು ಅಕ್ಕನ ಮನೆಯಿಂದ ತಂದಿದ್ದೆ. ಅಕ್ಕನನ್ನು ಬೆಟಗೇರಿಗೆ ಕೊಟ್ಟಿತ್ತು. ಅವಳ ಗಂಡ, ನನ್ನ ಮಾಮಾ, ಅಲ್ಲಿನ ಮಗ್ಗಗಳ ಸೀರೆ ಕೊಂಡು ಮಾರುವವರು. ನಾನು ಅವರ ಮನೆಯಲ್ಲೇ ಉಳಿದುಕೊಂಡಿದ್ದೆ.

ಮೊದಲ ದಿನ ಬಣ್ಣಗಳ ನಡುವೆ ಬೆರಳಗಲ ಅಂತರವಿತ್ತು. ತಿದ್ದಿದೆ. ಒಂದರ ಮೇಲೊಂದು ಬಿದ್ದವು. ಮರುದಿನ ಬೆಳಿಗ್ಗೆ ಮತ್ತೆ ಬೇರೆಯಾದವು. ಮಧ್ಯಾಹ್ನದ ಬಿಸಿಲಿಗೆ ತಾವಾಗಿಯೇ ಹತ್ತಿರ ಬಂದವು. ಸಂಜೆಯ ತಂಪಿಗೆ ಮತ್ತೆ ದೂರ. ಹೀಗೆಯೇ ನಡೆಯಿತು. ನಾನು ತಿದ್ದುವುದು, ಪೈಲಟ್ಟರು ಅಂತೂರ ಬೆಂತೂರದ ಹೊಲಗಳಿಗೆ ಹೋಗಿ ಪುಡಿ ಚೆಲ್ಲಿ ಬರುವುದು, ಬಂದವರು ತೋಳು ಹಿಚುಕಿಕೊಳ್ಳುತ್ತ "ಇವತ್ತೂ ಅಷ್ಟೇ ಕಣ್ರೀ" ಎನ್ನುವುದು. ನಡುಕ ಬರಬರುತ್ತ ಹೆಚ್ಚಾಗುತ್ತಿತ್ತೋ ಅಥವಾ ನಮ್ಮ ದಣಿವಿಗೆ ಹಾಗೆ ಕಾಣುತ್ತಿತ್ತೋ ಹೇಳುವುದು ಕಷ್ಟವಾಗಿತ್ತು.

ಈ ನಡುವೆ ಒಂದು ಸಂಜೆ ಮಾಮಾ ಗೋದಾಮಿಗೆ ಬಂದರು. ಜೊತೆಗೆ ಕೃಷಿ ಖಾತೆಯ ಸಾಹೇಬರು. ಏಕೀಕರಣದ ದಿನ ಊರಿನಲ್ಲಿ ಮೆರವಣಿಗೆ ಇತ್ತು. ಅದರ ಏರ್ಪಾಡು ನೋಡುವವರಲ್ಲಿ ಮಾಮಾ ಒಬ್ಬರು.

"ನಮ್ಮ ಮಂದಿ ಎಲ್ಲಾ ಕೂಡಿ ಒಂದು ವಿಚಾರ ಮಾಡೇವಿ," ಎಂದು ಮಾಮಾ ಪೈಲಟ್ಟರ ಕಡೆ ತಿರುಗಿ ಹೇಳಿದರು. "ಮೆರವಣಿಗಿ ಮ್ಯಾಲ ವಿಮಾನದಿಂದ ಹೂವು ಸುರೀಬೇಕು. ಪುಡಿ ಡಬ್ಬ್ಯಾಗ ಹೂವು ತುಂಬಿದ್ರ ಆತು. ಮುಂಡರಗಿ ಹಿರ್ಯಾರು ನಿಮ್ಮ ಬಾಜೂಕ ಕುಂತು ಬರ್ತಾರ."

ಮುಂಡರಗಿಯ ಆ ಹಿರಿಯರನ್ನು ಸುತ್ತಿನವರೆಲ್ಲ ಬಲ್ಲರು. ಶಾಲಾ ಮಾಸ್ತರಿಕೆ ಬಿಟ್ಟು ಜೈಲಿಗೆ ಹೋಗಿ ಬಂದವರು. ಕನ್ನಡ ಮಾತಾಡುವ ಊರುಗಳೆಲ್ಲ ಒಂದಾಗಬೇಕೆಂದು ಹಳ್ಳಿಹಳ್ಳಿ ತಿರುಗಿ ಕಾಲು ಸವೆಸಿದವರು. ಲಕ್ಷ್ಮೇಶ್ವರ ಒಬ್ಬ ರಾಜನದು, ಶಿರಹಟ್ಟಿ ಇನ್ನೊಬ್ಬನದು, ಗದಗ ಮುಂಬೈಯದು ಎಂದಿದ್ದ ಕಾಲದಿಂದ ಅವರು ಆ ಮಾತನ್ನೇ ಆಡುತ್ತ ಬಂದಿದ್ದರು.

ಪೈಲಟ್ಟರ ಮುಖ ಬಹಳ ದಿನಗಳ ಮೇಲೆ ಅರಳಿತು. "ಧಾರಾಳವಾಗಿ. ನಾನೇ ಕರೆದುಕೊಂಡು ಹೋಗ್ತೀನಿ," ಎಂದರು. ಸಾಹೇಬರೂ ತಲೆದೂಗಿದರು. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನೂ ಹೂಂ ಎನ್ನುತ್ತಿದ್ದೆನೇನೋ. ನನ್ನ ಸೀಮೆಯ ಊರಿನ ಮೇಲೆ ನಾನು ನೋಡಿಕೊಂಡ ಯಂತ್ರ ಹೂವು ಸುರಿಯುವುದೆಂದರೆ ನನಗೂ ಬೇಡವಾಗಿರಲಿಲ್ಲ.

ಮರುದಿನ ಪುಡಿ ಎರಚುವ ಕೆಲಸ ನಿಲ್ಲಿಸಿ ಯಂತ್ರವನ್ನು ನನಗೆ ಬಿಟ್ಟುಕೊಟ್ಟರು. ತೊಳೆಯಬೇಕಿತ್ತು, ಡಬ್ಬಿಗಳಲ್ಲಿ ಔಷಧದ ಕಣವೂ ಉಳಿಯದಂತೆ ಉಜ್ಜಬೇಕಿತ್ತು. ಅದರ ಜೊತೆಗೆ ನಡುಕದ ಬೇರು ಹುಡುಕಲು ಮೊದಲ ಬಾರಿ ಪೂರ್ತಿ ಒಂದು ದಿನ ಸಿಕ್ಕಿತು. ಬಾಲದ ಸಣ್ಣ ಪಂಖವನ್ನು ನೋಡಿದೆ. ಎಂಜಿನ್ ಕೂರಿಸಿದ ಬೋಲ್ಟುಗಳನ್ನು ನೋಡಿದೆ. ಕೊನೆಗೆ ರೆಕ್ಕೆಗಳನ್ನು ತಿರುಗಿಸುವ ಕಂಬದ ನೆತ್ತಿಗೆ ಏರಿದೆ. ಅಲ್ಲಿ ಎರಡೂ ರೆಕ್ಕೆಗಳ ಬುಡವನ್ನು ಹಿಡಿದಿರುವ ಉಕ್ಕಿನ ಗುಂಬ ಇದೆ. ಹಾರುವಾಗ ಇಡೀ ಯಂತ್ರ, ಅದರೊಳಗಿನ ಜನ, ಎಲ್ಲರೂ ಜೋತುಬಿದ್ದಿರುವುದು ಆ ಗುಂಬಕ್ಕೆ.

ಕಣ್ಣಿಗೆ ಕಾಣದ ಬಿರುಕು ಹುಡುಕಲು ನನ್ನ ಹತ್ತಿರ ಇದ್ದುದು ಹಳೆಯ ಉಪಾಯವೊಂದೇ. ಗುಂಬವನ್ನು ಪೆಟ್ರೋಲಿನಿಂದ ತೊಳೆದು, ಸೀಮೆಎಣ್ಣೆ ಹಚ್ಚಿ ಬಿಟ್ಟೆ. ಹೊತ್ತು ಹೋದ ಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಶಾಲೆಯಿಂದ ತರಿಸಿದ ಸುಣ್ಣದ ಕಡ್ಡಿಯನ್ನು ನುಣ್ಣಗೆ ಪುಡಿ ಮಾಡಿ ಸವರಿದೆ. ಬಿರುಕಿದ್ದರೆ ಅದರೊಳಗೆ ಹೊಕ್ಕ ಎಣ್ಣೆ ಮೆಲ್ಲಗೆ ಹೊರಗೆ ಬಂದು ಬಿಳಿಪುಡಿಯ ಮೇಲೆ ಒದ್ದೆ ಗೆರೆ ಬೀಳುತ್ತದೆ. ಏಣಿಯ ಮೇಲೆಯೇ ಕುಳಿತು ಕಾದೆ. ಒಂದು ರೆಕ್ಕೆಯ ಬುಡ ಹಿಡಿದ ತೋಳಿನ ಒಳಮೂಲೆಯಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮೂಡಿತು. ಒರೆಸಿ ಮತ್ತೆ ಮಾಡಿದೆ. ಮತ್ತೆ ಮೂಡಿತು. ಮೂರನೆಯ ಸಲ ಬಹಳ ಮಸುಕಾಗಿತ್ತು.

ಪೈಲಟ್ಟರನ್ನು ಕರೆದು ತೋರಿಸಿದೆ. ಅವರು ಏಣಿಯ ಮೇಲೆ ನಿಂತು ಬಹಳ ಹೊತ್ತು ನೋಡಿದರು.

"ಇದು ಗೀಚು ಕಣ್ರೀ. ಕಾರ್ಖಾನೆಯಲ್ಲಿ ಉಳಿ ತಗುಲಿದ ಗುರುತು."

"ಇರಬಹುದರಿ."

"ಬಿರುಕೂ ಇರಬಹುದು ಅಂತೀರಾ?"

"ಅದೂ ಇರಬಹುದರಿ. ನನ್ನ ಹತ್ರ ಇದ್ದದ್ದರಾಗ ಇದಕ್ಕಿಂತ ಹೆಚ್ಚಿಗಿ ನೋಡಾಕ ಬರಂಗಿಲ್ಲ. ದೊಡ್ಡ ಕಾರ್ಖಾನ್ಯಾಗ ನೋಡಬೇಕು."

"ಹಬ್ಬ ಮುಗಿದ ಮೇಲೆ ಕಳಿಸೋಣ. ಹೂವು ಸುರಿಯೋಕೆ ಎಷ್ಟು ಹೊತ್ತು ಬೇಕು? ಊರ ಮೇಲೆ ಎರಡು ಸುತ್ತು."

ನಾನು ರುಜು ಹಾಕುವುದಿಲ್ಲ ಎಂದೆ. ಅವರು ಏಣಿ ಇಳಿದು ಕೈ ಒರೆಸಿಕೊಂಡರು. ಅವರೇನೂ ದುಡುಕಿನವರಲ್ಲ. ನನಗಿಂತ ಹೆಚ್ಚು ಅಪಾಯಗಳನ್ನು ಕಂಡವರು, ಆ ನಡುಕವನ್ನು ದಿನಾ ಅಂಗೈಯಲ್ಲಿ ಹಿಡಿದವರು. ಆದರೆ ಕೊಟ್ಟ ಮಾತು ಅವರಿಗೆ ದೊಡ್ಡದಾಗಿತ್ತು. ಸಂಜೆಗೆ ಸಾಹೇಬರು ಬಂದರು, ಮಾಮಾನೂ ಬಂದರು.

"ಒಂದು ಗೆರಿಗೆ ಇಡೀ ಊರಿನ ಕೆಲಸ ನಿಲ್ಲಸ್ತೀರೇನು?" ಎಂದರು ಸಾಹೇಬರು. "ಇಷ್ಟು ದಿನ ಹಾರಿದ್ದು ಇದ ಯಂತ್ರ ಹೌದೋ ಅಲ್ಲೋ?"

"ಹೌದರಿ. ಇಷ್ಟು ದಿನ ನಾ ಗೆರಿ ನೋಡಿದ್ದಿಲ್ಲರಿ."

ಮಾಮಾ ನನ್ನನ್ನು ಗೋದಾಮಿನ ಹಿಂದಕ್ಕೆ ಕರೆದೊಯ್ದರು. ಸೇವಂತಿಗೆ, ಚೆಂಡುಹೂವು ಎಲ್ಲ ಹೇಳಿಟ್ಟಾಗಿದೆ, ಹಳ್ಳಿಗಳಿಗೆಲ್ಲ ಖಬರು ಮುಟ್ಟಿದೆ, ಬಂಡಿ ಕಟ್ಟಿಕೊಂಡು ಜನ ಬರುತ್ತಾರೆ ಎಂದರು. "ನೀ ನಮ್ಮ ಮನಿ ಹುಡುಗ. ಹೊರಗಿನವ ಆಗಿದ್ರ ಬ್ಯಾರೆ ಮಾತು. ಎಲ್ಲಾರ ಮುಂದ ನನ್ನ ಮಾರಿ ತಗ್ಗಸಬ್ಯಾಡ."

ಅಷ್ಟು ಹೇಳಿ ಅವರು ಹೊರಟುಹೋದರು. ಪೈಲಟ್ಟರು ಪೆಟ್ರೋಲ್ ಪೀಪಾಯಿಯ ಮೇಲೆ ಕುಳಿತು ಯಂತ್ರವನ್ನೇ ನೋಡುತ್ತಿದ್ದರು. ಆ ನೋಟ ನನಗೆ ಸರಿಬರಲಿಲ್ಲ. ಯಂತ್ರ ನಡೆಯುವ ಸ್ಥಿತಿಯಲ್ಲಿ ಬಯಲಿನಲ್ಲಿ ನಿಂತಿತ್ತು. ಟಾಕಿಯಲ್ಲಿ ಪೆಟ್ರೋಲ್ ಇತ್ತು. ನಾನು ಬರೀ ಒಲ್ಲೆ ಎಂದಿದ್ದೆ. ಎಷ್ಟು ಜನರಿಗೆ ಎಷ್ಟು ಸಲ ಒಲ್ಲೆ ಎನ್ನಬೇಕಾಗುತ್ತದೋ, ಅಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ. ಹಬ್ಬದ ಬೆಳಿಗ್ಗೆ ಹೂವಿನ ಬುಟ್ಟಿಗಳು ಬಂದು ಸಾಲಾಗಿ ನಿಂತರೆ ನಾನೇ ಹೂಂ ಎಂದುಬಿಡಬಹುದೆಂಬ ಹೆದರಿಕೆಯೂ ಇತ್ತು.

ಏಣಿ ಹತ್ತಿದೆ. ಕಂಬದ ನೆತ್ತಿಯ ದೊಡ್ಡ ನಟ್ಟಿನ ಪಿನ್ನನ್ನು ಎಳೆದು ತೆಗೆದೆ, ಉದ್ದ ಹಿಡಿಕೆಯ ಪಾನಾ ಹಾಕಿದೆ.

"ಏನ್ ಮಾಡ್ತಿದ್ದೀರಿ?" ಪೈಲಟ್ಟರು ಎದ್ದು ನಿಂತರು.

"ಬಿಚ್ಚಾಕತ್ತೀನ್ರಿ."

"ಬಿಚ್ಚಿದರೆ ಮತ್ತೆ ಕೂಡಿಸಿ, ತೂಗಿಸಿ, ತಿದ್ದೋಕೆ ಎಷ್ಟು ಸಮಯ ಬೇಕು ಅಂತ ಗೊತ್ತು ತಾನೆ?"

"ಗೊತ್ತೈತ್ರಿ. ಹಬ್ಬದೊಳಗ ಆಗಂಗಿಲ್ಲ."

ಅವರು ಬಂದು ಏಣಿ ಹಿಡಿಯುತ್ತಾರೋ, ನನ್ನನ್ನು ಕೆಳಗೆಳೆಯುತ್ತಾರೋ ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವರು ಎರಡೂ ಮಾಡದೆ ಒಳಗೆ ಹೋದರು. ಗಿರಣಿಯ ಹಮಾಲರನ್ನು ಕರೆದು, ಬಿದಿರಿನ ಮುಕ್ಕಾಲಿ ಕಟ್ಟಿ, ಹಗ್ಗ ಹಾಕಿ ರೆಕ್ಕೆಗಳನ್ನೂ ಗುಂಬವನ್ನೂ ಇಳಿಸಿದೆ. ರೆಕ್ಕೆಗಳನ್ನು ಗೋದಾಮಿನೊಳಗೆ ಕಟ್ಟಿಗೆಯ ಕುದುರೆಗಳ ಮೇಲೆ ಮಲಗಿಸಿದೆ. ಗುಂಬವನ್ನು ಗೋಣಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಬೆಂಗಳೂರಿಗೆ ಹೊರಟ ಕಂಪನಿಯ ಗುಮಾಸ್ತನ ಕೈಯಲ್ಲಿ ರೈಲಿಗೆ ಹಾಕಿಸಿದೆ.

ಮರುದಿನ ಮುಂಡರಗಿಯ ಬಸ್ಸು ಹತ್ತಿದೆ. ಹಿರಿಯರಿಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡವೆನಿಸಿತು. ಅವರ ಮನೆಯ ಪಡಸಾಲೆಯಲ್ಲಿ ದರ್ಜಿಯವನು ಕುಳಿತು ಖಾದಿಯ ಹೊಸ ಅಂಗಿಗೆ ಗುಂಡಿ ಹಚ್ಚುತ್ತಿದ್ದ. ಅಂಗಿ ಯಾವುದಕ್ಕೆಂದು ನಾನು ಕೇಳಬೇಕಾಗಿರಲಿಲ್ಲ. ಬಂದ ವಿಷಯ ಹೇಳಿದೆ. ಅವರು ದರ್ಜಿಯನ್ನು ಹೊರಗೆ ಕಳಿಸಿದರು.

"ಮುರದೈತೇನು ಅದು?"

"ಗೊತ್ತಿಲ್ಲರಿ ಅಜ್ಜಾರ."

"ಗೊತ್ತಿಲ್ಲ ಅಂದ್ರ ಹ್ಯಾಂಗ ನಿಲ್ಲಿಸಿದಿ?"

"ಮುರದಿಲ್ಲ ಅಂತನೂ ಗೊತ್ತಿಲ್ಲರಿ. ಅದಕ್ಕ ನಿಲ್ಲಿಸೀನಿ."

ಅವರು ಕಿಟಕಿಯ ಕಡೆ ನೋಡಿದರು. ದೂರದಲ್ಲಿ ಕಪ್ಪತಗುಡ್ಡ ಮೋಡದಲ್ಲಿತ್ತು.

"ನನಗ ಬಾಳ ಆಸೆ ಇತ್ತಪಾ," ಎಂದರು. "ಈ ಸೀಮಿ ಎಲ್ಲಾ ಕಾಲಿಂದ ತುಳದೀನಿ. ಒಮ್ಮೆ ಮ್ಯಾಲಿಂದ ನೋಡೂಣು ಅಂದಿದ್ದೆ."

ಇರಲಿ ಬಿಡು ಎಂದು ಅವರು ಹೇಳಬಹುದೆಂದು ನಾನು ಕಾದೆ. ಹೇಳಲಿಲ್ಲ. ಸೊಸೆಯನ್ನು ಕರೆದು ಮಜ್ಜಿಗೆ ಕೊಡಿಸಿದರು. ಕುಡಿದು ಲೋಟ ಕೆಳಗಿಟ್ಟ ಮೇಲೆ, "ಹೋಗು, ಬಸ್ಸು ತಪ್ಪೀತು," ಎಂದರು.

ಏಕೀಕರಣದ ದಿನ ನಾನು ಊರೊಳಗೆ ಹೋಗಲಿಲ್ಲ. ದೀಪಾವಳಿಯೂ ಅದೇ ಹೊತ್ತಿಗೆ ಬಂದಿತ್ತು. ಡೊಳ್ಳು, ಕರಡಿಮಜಲಿನ ಸದ್ದು ಗೋದಾಮಿನ ತಗಡಿಗೆ ಬಡಿಯುತ್ತಿತ್ತು. ಸುರಿಯಬೇಕಿದ್ದ ಹೂವನ್ನು ಮಾಮಾ ಮೆರವಣಿಗೆಯ ಬೀದಿಯ ಮನೆಮನೆಗೂ ಹಂಚಿದ್ದರು. ಹೆಂಗಸರು ಮಾಳಿಗೆಗಳ ಮೇಲೆ ನಿಂತು ಸುರಿದರಂತೆ. ಮಧ್ಯಾಹ್ನ ಬುತ್ತಿ ತಂದ ಅಕ್ಕ ಇದನ್ನು ಹೇಳಿದಳು. ಮುಂಡರಗಿಯ ಹಿರಿಯರು ಬಂಡಿ ಏರಲು ಒಪ್ಪದೆ ಕೊನೆಯವರೆಗೂ ನಡೆದೇ ಬಂದರೆಂದಳು.

"ಮಾಮಾ ಏನಂದ್ರು?" ಎಂದೆ.

"ನಿನ್ನ ಹೆಸರ ತಗಿಯವಲ್ರು. ನೀ ಉಣ್ಣು."

ಪೈಲಟ್ಟರೂ ಮೆರವಣಿಗೆಗೆ ಹೋಗಿರಲಿಲ್ಲ. ಬಿಚ್ಚಿದ ಸಂಜೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಗೋದಾಮಿನೊಳಗೆ ಅತ್ತಿತ್ತ ಅಡ್ಡಾಡುತ್ತಿದ್ದರು, ಏನೂ ತೋಚದವರಂತೆ ಮಲಗಿಸಿದ ರೆಕ್ಕೆಯ ಮೇಲೆ ಅಂಗೈ ಆಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ನಾನು ಎಂಜಿನ್ನಿನ ಮೇಲೆ ಬಾಗಿದ್ದೆ. ಅವರ ಹೆಜ್ಜೆಯ ಸದ್ದು ನಿಂತಿತು.

"ಇಲ್ಲಿ ಬನ್ನಿ," ಎಂದರು. "ಕೈ ಇಡಿ."

ತುದಿಯಿಂದ ಒಂದು ಮಾರು ಈಚೆ, ರೆಕ್ಕೆಯ ಕೆಳಮೈ ಈಗ ಮೇಲಾಗಿ ಮಲಗಿತ್ತು. ಅವರು ತೋರಿಸಿದಲ್ಲಿ ಒತ್ತಿದೆ. ಬಟ್ಟೆಯ ಕೆಳಗೆ ಮರ ಮೆತ್ತಗೆ ಕುಸಿಯಿತು, ನೆಂದ ರೊಟ್ಟಿಯ ಹಾಗೆ. ಚಾಕು ತಂದು ಬಟ್ಟೆಯನ್ನು ಸೀಳಿ ಮಡಚಿದೆ. ಕಂದು ನೀರು ಒಸರಿತು. ಎರೆಯ ಧೂಳು ರೆಕ್ಕೆಯ ಮೂಗನ್ನು ದಿನಾ ಉಜ್ಜಿ ಉಜ್ಜಿ ಅರಗು ಸವೆಸಿತ್ತು. ಕಣ್ಣಿಗೆ ಬೀಳದ ಸೂಜಿಮೊನೆಯಂಥ ತೂತುಗಳಿಂದ ಕುರ್ತಕೋಟಿಯ ಮಳೆ ಒಳಗೆ ಇಳಿದಿತ್ತು. ಒಳಗೆ ಅಂಟು ಬಿಟ್ಟು ಪಟ್ಟಿಗಳು ಬೇರೆಯಾಗಿದ್ದವು. ಉಕ್ಕಿನ ಪಟ್ಟಿಯನ್ನು ಮರಕ್ಕೆ ಬಿಗಿದಿದ್ದ ತಿರುಪುಗಳಲ್ಲಿ ಒಂದನ್ನು ನಾನು ಬೆರಳಿನಿಂದಲೇ ತಿರುಗಿಸಿ ಹೊರಗೆ ತೆಗೆದೆ. ಮುಂದಿನದೂ ಹಾಗೆಯೇ ಬಂದಿತು.

ಆ ಉಕ್ಕು ತಿರುಗುವ ರೆಕ್ಕೆಯಿಂದ ಕಿತ್ತು ಹೋಗಿದ್ದರೆ ಯಂತ್ರಕ್ಕೆ ಏನಾಗುತ್ತಿತ್ತೆಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ. ಹೊರಗೆ ಡೊಳ್ಳು ಹತ್ತಿರ ಬಂದು ಮತ್ತೆ ದೂರವಾಯಿತು. ಬೀದಿಯಲ್ಲಿ ಎಷ್ಟು ಜನ ಸೇರಿದ್ದರೋ.

"ನಿಮ್ಮ ಗೆರೆ ಇಲ್ಲಿರಲಿಲ್ಲವಲ್ರೀ," ಎಂದರು ಪೈಲಟ್ಟರು.

"ಇರಲಿಲ್ಲರಿ."

ದೊಡ್ಡ ಕಾರ್ಖಾನೆಯಿಂದ ಗುಂಬದ ಸುದ್ದಿಯೂ ಬಂತು. ಅದರಲ್ಲಿ ಬಿರುಕಿರಲಿಲ್ಲ. ಪೈಲಟ್ಟರು ಅಂದದ್ದೇ ಸರಿ, ತಯಾರಿಕೆಯ ಕಾಲದಲ್ಲಿ ಉಳಿದ ಗೀಚು. ನಾನು ನಿಲ್ಲಿಸಿದ್ದು ಸರಿಯಾಗಿತ್ತು, ನಿಲ್ಲಿಸಲು ಕೊಟ್ಟ ಕಾರಣ ತಪ್ಪಾಗಿತ್ತು. ಸಾಹೇಬರಿಗೆ ಎರಡನ್ನೂ ಹೇಳಿದೆ. ನನ್ನನ್ನು ಹೊಗಳಬೇಕೋ ಬೈಯಬೇಕೋ ಅವರಿಗೂ ತಿಳಿದಂತೆ ಕಾಣಲಿಲ್ಲ. ಅವರ ತಲೆಯಲ್ಲಿ ಬೇರೆ ಚಿಂತೆಯಿತ್ತು. ಕಚೇರಿ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತ್ತು. ಹೆಲಿಕಾಪ್ಟರಿನ ಕರಾರು ಯಾರ ಪಾಲಿಗೆ ಬಂತೆಂದು ಹೇಳುವವರಿರಲಿಲ್ಲ. ಹೊಸ ರೆಕ್ಕೆಗಳು ಹಡಗಿನಲ್ಲಿ ಬರಬೇಕು. ಕೊನೆಗೆ ಯಂತ್ರವನ್ನು ಪೂರ್ತಿ ಬಿಚ್ಚಿ ಬೆಂಗಳೂರಿಗೆ ಕಳಿಸಿರೆಂದು ಕಂಪನಿಯಿಂದ ಅಪ್ಪಣೆ ಬಂತು.

ಹೊಲಗಳು ಅರ್ಧಕ್ಕೆ ಉಳಿದಿದ್ದವು. ಉಳಿದ ಪುಡಿಯನ್ನು ಖಾತೆಯವರು ಹಳ್ಳಿಗಳಿಗೆ ಹಂಚಿದರು. ಕುರ್ತಕೋಟಿಗೆ ಲಾರಿಯ ಜೊತೆ ನಾನೂ ಹೋದೆ. ಹೊಲದೊಡತಿಯೂ ಇತರ ಹೆಂಗಸರೂ ಮೂಗಿಗೆ ಸೆರಗು ಬಿಗಿದು, ತೆಳ್ಳನೆಯ ಬಟ್ಟೆಯ ಗಂಟುಗಳಲ್ಲಿ ಪುಡಿ ಕಟ್ಟಿಕೊಂಡು, ಸಾಲಿನ ಮೇಲೆ ಝಾಡಿಸುತ್ತ ನಡೆದರು. ನಾನು ಬದುವಿನ ಮೇಲೆ ಕುಳಿತು ಗಂಟು ಕಟ್ಟಿಕೊಟ್ಟೆ. ಯಂತ್ರ ಒಂದು ಬೆಳಿಗ್ಗೆ ಮಾಡುತ್ತಿದ್ದುದನ್ನು ಅವರು ಬಹಳ ದಿನ ಮಾಡಿದರು. ಒಂದಷ್ಟು ಹತ್ತಿ ಉಳಿಯಿತು, ಒಂದಷ್ಟು ಹೋಯಿತು.

ಗದಗ ಸ್ಟೇಶನ್ನಿನಲ್ಲಿ ಯಂತ್ರದ ಕೊನೆಯ ಪೆಟ್ಟಿಗೆಯನ್ನು ಸರಕಿನ ಡಬ್ಬಿಗೆ ಏರಿಸಿದ ದಿನ ಪೈಲಟ್ಟರೂ ಅದೇ ರೈಲಿಗೆ ಹೊರಟರು. ನನಗೆ ಲೆಕ್ಕ ಒಪ್ಪಿಸುವ ಕೆಲಸ ಉಳಿದಿತ್ತು. ಅವರು ತಮ್ಮ ಡಬ್ಬಿಯ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಬೇಕೆಂದರು.

"ನೀವು ಬಿಚ್ಚದೆ ಬರೀ ರುಜು ಹಾಕೋದಿಲ್ಲ ಅಂದು ಮನೆಗೆ ಹೋಗಿದ್ದರೆ, ಹಬ್ಬದ ಬೆಳಿಗ್ಗೆ ನಾನು ಹಾರಿಸ್ತಿದ್ದೆ ಕಣ್ರೀ. ತೀರ್ಮಾನ ಮಾಡಿಬಿಟ್ಟಿದ್ದೆ."

"ಗೊತ್ತಿತ್ತರಿ," ಎಂದೆ.

ಅವರು ನನ್ನ ಕೈ ಹಿಡಿದು, ಬಿಟ್ಟರು. ರೈಲು ಹುಬ್ಬಳ್ಳಿಯ ಕಡೆ ಹೊರಟಿತು.

ಬೆಟಗೇರಿಗೆ ನಡೆದೇ ಬಂದೆ. ಮಾಮಾ ಊಟಕ್ಕೆ ಕುಳಿತಿದ್ದರು. ನಾನು ಕೈಕಾಲು ತೊಳೆದು ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಕುಳಿತೆ. ಅಕ್ಕ ನನ್ನ ತಾಟಿಗೆ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಮೊದಲ ತುತ್ತು ಬಾಯಿಗಿಟ್ಟುಕೊಂಡೇ ನನಗೆ ನಿದ್ದೆಗೆ ಕಣ್ಣು ಕೂಡಿಕೊಂಡು ಬಂದಿರಬೇಕು. ತಾಟಿನ ಮೇಲೆ ತಲೆ ವಾಲಿದಾಗ ಬೆಚ್ಚಿ ಎದ್ದೆ.

ಮಾಮಾ ನನ್ನ ಕಡೆ ನೋಡಲಿಲ್ಲ. ಅಕ್ಕನಿಗೆ ಹೇಳಿದರು.

"ಇನ್ನೊಂದು ರೊಟ್ಟಿ ಹಾಕ ಅವಂಗ. ದಣದಾನ."